ಗೆಳೆಯನ ಹೆಸರಿನಲ್ಲಿ ಕೊಟ್ಟ ರಕ್ತ

ಬಸವಕಲ್ಯಾಣದ ಹೆದ್ದಾರಿ ಬದಿಯ ವೆಲ್ಡಿಂಗ್ ಅಂಗಡಿಯಲ್ಲಿ ಸತೀಶಕುಮಾರ ಟ್ರಾಲಿ ಕಟ್ಟುತ್ತಾನೆ. ವಯಸ್ಸು ಇಪ್ಪತ್ತಾರು. ಗೆಳೆಯ ಬಸವಕುಮಾರನಿಗೆ ನಿರ್ಣಾ ಎಂಬ ಊರಿನ ಹುಡುಗಿ ಗೊತ್ತಾದಾಗ ಅವಳ ಸೋದರಮಾವ ಒಂದು ಷರತ್ತು ಹಾಕಿದ: ಮೊದಲು ಹುಡುಗನ ರಕ್ತ ಪರೀಕ್ಷೆ ಆಗಬೇಕು.

ಬಸವಕುಮಾರ ಹೆದರಿದ. ಸೊಲ್ಲಾಪುರದ ಲಾಡ್ಜಿಗೆ ಹೋಗಿಬಂದವನು, ಕಾಂಡೋಮ್ ಬಳಸಿರಲಿಲ್ಲ.

“ನನ್ನ ಹೆಸರಿಲೆ ನೀ ಕೊಟ್ಟು ಬಾರಲೇ. ಲಗ್ನ ಆದಾವ, ನಿಂದು ಚೊಕ್ಕ ಇರ್ತದ.”

“ರಗತ ನಂದು, ವರದಕ್ಷಿಣಿ ನಿಂದಾ?” ಎಂದು ಸತೀಶ ನಕ್ಕ.

ಹುಮನಾಬಾದಿನಲ್ಲಿ ಇವರ ಗುರುತು ಯಾರಿಗೂ ಇಲ್ಲ. ಅಲ್ಲಿನ ಲ್ಯಾಬೊಂದರಲ್ಲಿ ಗೆಳೆಯನ ಹೆಸರು ಹೇಳಿ ತೋಳು ಚಾಚಿದ. ಸಿಫಿಲಿಸ್ ಇದೆ ಎಂದು ಬಂತು. ವರದಿ ತರಲು ಸೋದರಮಾವನೇ ಹೋಗಿದ್ದ; ನಿರ್ಣಾದವರು ಸಂಬಂಧ ಬಿಟ್ಟರು.

“ನನ್ನ ಲಗ್ನ ಮುರದ್ಯಲ್ಲೋ ಹಲ್ಕಟ್!” ಎಂದು ಬಸವಕುಮಾರ ಅಂಗಡಿಯ ಮುಂದೆ ಕೂಗಾಡಿದ. ತನ್ನ ರಕ್ತವನ್ನು ಅವನು ಇನ್ನೂ ಪರೀಕ್ಷೆಗೆ ಕೊಟ್ಟಿಲ್ಲ.

ಮದುವೆಗೆ ಮೊದಲು ಸತೀಶನೂ ಸೊಲ್ಲಾಪುರಕ್ಕೆ ಹೋದವನೇ. ಆಗ ಒಂದು ಹುಣ್ಣಾಗಿತ್ತು. ನೋವಿರಲಿಲ್ಲ, ತಾನಾಗಿ ಮಾಯಿತು; ರೋಗವೂ ಹೋಯಿತೆಂದು ತಿಳಿದ. ಹುಣ್ಣು ಮಾಯ್ದರೂ ರೋಗ ಒಳಗೆ ಉಳಿಯುತ್ತದೆ, ಚುಚ್ಚುಮದ್ದಿಗೆ ವಾಸಿಯಾಗುತ್ತದೆ ಎಂದು ಅವನಿಗೆ ಮೊದಲು ಹೇಳಿದವರು ಹುಮನಾಬಾದಿನ ವೈದ್ಯೆ, ಸ್ವಂತ ಹೆಸರಿನಲ್ಲಿ ಮತ್ತೆ ಪರೀಕ್ಷೆಗೆ ಹೋದಾಗ.

“ಮನಿಯವರು ಬಸುರಿ ಅದಾರೇನು? ಹಂಗಾರ ನಾಳೇನ ಕರ್ಕೊಂಡ ಬರ್ರಿ. ತಡ ಆದಷ್ಟು ಕೂಸಿಗಿ ಧೋಕಾ, ಜೀವಕ್ಕ ಅಪಾಯ.”

ಹೆಂಡತಿ ಶೀತಲ್‌ಗೆ ನಾಲ್ಕು ತಿಂಗಳು. ಟಾನಿಕ್ ಕೊಡುತ್ತಾರೆಂದು ಸುಳ್ಳು ಹೇಳಿ ಬಸ್ ಹತ್ತಿಸಿದ. ಆ ಸುಳ್ಳಿಗೆ ವೈದ್ಯೆ ಒಪ್ಪಲಿಲ್ಲ. “ನೀವು ಹೇಳ್ತೀರೋ, ನಾ ಹೇಳ್ಲೋ?”

ಸತೀಶ ನೆಲ ನೋಡುತ್ತ ಹೇಳಿದ. ಶೀತಲ್ ಅಳಲಿಲ್ಲ. ಹಿಂದಿನ ವರ್ಷ ಅವಳಿಗೆ ಏಳು ತಿಂಗಳಿಗೇ ಸತ್ತ ಕೂಸು ಹುಟ್ಟಿತ್ತು. ಸೊಸೆಯ ಕಾಲ್ಗುಣ ಸರಿಯಿಲ್ಲವೆಂದು ಅತ್ತೆ ಮಾಣಿಕಮ್ಮ ಓಣಿಯಲ್ಲೆಲ್ಲ ಆಡಿಕೊಂಡಿದ್ದರು.

“ಆ ಕೂಸಿಗೂ ಇದೇ ಆಗಿತ್ತೇನ್ರಿ ಮೇಡಂ?”

“ಆಗಿರಬಹುದು, ಆಗದೇನೂ ಇರಬಹುದು ತಂಗಿ. ಈಗ ಹೇಳಾಕ ಬರಂಗಿಲ್ಲ. ಇದನ್ನ ಉಳಸ್ಕೊಳ್ಳೂಣು.”

ಇಬ್ಬರಿಗೂ ಚುಚ್ಚುಮದ್ದು ಆಯಿತು. ತಾನು ಹೇಳುವವರೆಗೆ ಕೂಡಬಾರದು, ಮುಂದೆ ಕಾಂಡೋಮ್ ಬಿಡಬಾರದು, ಹುಟ್ಟಿದ ಮೇಲೆ ಕೂಸಿನ ರಕ್ತವನ್ನೂ ನೋಡಬೇಕು ಎಂದರು ವೈದ್ಯೆ.

ಮರಳುವಾಗ ಶೀತಲ್ ಒಮ್ಮೆ ಮಾತ್ರ ಬಾಯಿ ತೆರೆದಳು. “ನಿಮ್ಮವ್ವಗ ನೀವ ಹೇಳ್ರಿ. ಹೇಳೂತನಾ ಆ ಮನಿಗಿ ನಾ ಬರಂಗಿಲ್ಲ.” ಬಸವಕಲ್ಯಾಣದಲ್ಲಿ ಇಳಿದವಳು ಮೋರಖಂಡಿಯ ತವರಿಗೆ ಹೊರಟುಹೋದಳು.

ಸತೀಶ ಇನ್ನೂ ಹೇಳಿಲ್ಲ.

“ಒಂದು ಕೂಸು ನುಂಗಿದ್ಳು, ಈಗ ಇನ್ನೊಂದು ಹೊಟ್ಟ್ಯಾಗ ಇಟ್ಕೊಂಡು ಓಡ್ಯಾಳ ನೋಡ್ರಿ,” ಎಂದು ಮಾಣಿಕಮ್ಮ ಬಾಗಿಲಲ್ಲಿ ನೆರೆಯವರಿಗೆ ಹೇಳುತ್ತಿರುತ್ತಾರೆ. ಅವನು ಒಳಗೆ ಕುಳಿತು ಊಟ ಮಾಡುತ್ತಾನೆ.