ಎದುರು ಮನೆಗೆ ನೇಮಿಸಿದ ಕಾವಲು

ಬಾಂಗ್ಸಾರಿನ ನಮ್ಮ ಫ್ಲ್ಯಾಟಿನ ಎದುರು ಮನೆಯಲ್ಲಿ ಒಬ್ಬ ಚೀನೀ ಆಂಟಿ ಒಂಟಿಯಾಗಿದ್ದರು. ಗಂಡ ತೀರಿಕೊಂಡ ಮೇಲೆ ಅವರ ಅಡುಗೆಮನೆಯ ನಲ್ಲಿ ತಾನಾಗಿಯೇ ತೆರೆದುಕೊಳ್ಳತೊಡಗಿತು. ಪ್ಲಂಬರ್ ಎರಡು ಸಲ ಬದಲಿಸಿದ. ಮೂರನೆಯದೂ ಮಧ್ಯಾಹ್ನವಾದರೆ ಸುರಿಯುತ್ತಿತ್ತು. ನಾನು ಉಡುಪಿಯಿಂದ ಈ ದೂರದೇಶಕ್ಕೆ ಬಂದು ಇಲ್ಲಿನ ವೈದ್ಯಕೀಯ ಕಾಲೇಜಿನಲ್ಲಿ ಅಂಗರಚನೆ ಕಲಿಸುವವಳು, ದಿನವೂ ಹೆಣಗಳ ನಡುವೆ ನಿಲ್ಲುವವಳು. ಆದರೂ ಆ ನಲ್ಲಿಯನ್ನು ಮುಟ್ಟಿ ನಿಲ್ಲಿಸಿದ ದಿನ ಅದಕ್ಕೆ ಬೆನ್ನು ತಿರುಗಿಸದೆ ಹಿಂದೆ ಹಿಂದೆ ನಡೆದು ಹೊರಬಂದಿದ್ದೆ.

ಒಂದು ಭಾನುವಾರ ಆಂಟಿ ಟಿಬೆಟನ್ ಲಾಮಾ ಒಬ್ಬರನ್ನು ಕರೆಸಿದರು; ಜೊತೆಗಿರಲು ನನ್ನನ್ನೂ ಕರೆದಿದ್ದರು. ನಾನು ಫೋನಿನಲ್ಲಿ ಅಮ್ಮನೊಂದಿಗೆ ಮಾತಾಡುತ್ತಿದ್ದುದನ್ನು ಕೇಳಿ ಲಾಮಾ ತಿರುಗಿದರು.

"ಕನ್ನಡದವ್ರಾ ಮೇಡಂ? ನಾನು ಬೈಲುಕುಪ್ಪೆಲಿ ಹುಟ್ಟಿದ್ದು."

ಅವರು ಪೂಜೆಗಿಟ್ಟ ಚಿತ್ರದಲ್ಲಿ ಗುರುವೊಬ್ಬ ಕಣ್ಣರಳಿಸಿ ಕೂತಿದ್ದ. ತೋಳಿಗೊರಗಿಸಿದ ದಂಡದಲ್ಲಿ ಮೂರು ತಲೆ: ಒಂದು ಹಸಿ, ಒಂದು ಕೊಳೆತದ್ದು, ಒಂದು ಬರೀ ಬುರುಡೆ.

"ಟಿಬೆಟಲ್ಲಿ ಧರ್ಮ ಬೇರೂರಿಸಿದ ಗುರು ಇವ್ರು. ಮೊದಲ ಮಠ ಕಟ್ಟೋವಾಗ, ಹಗಲು ಕಟ್ಟಿದ ಗೋಡೆನ ರಾತ್ರಿ ದೆವ್ವಗಳು ಕೆಡವ್ತಿದ್ವಂತೆ. ಇವ್ರು ಅವನ್ನ ಸಾಯಿಸ್ಲಿಲ್ಲ, ಓಡಿಸ್ಲೂ ಇಲ್ಲ. ಮಾತು ತಗೊಂಡು ಧರ್ಮ ಕಾಯೋ ಕೆಲಸ ಕೊಟ್ರು. ಹಂಗಾಗಿ ಜನ ಹಳೇ ದೇವರುಗಳನ್ನ ಬಿಡದೇನೇ ಬುದ್ಧನ ಹತ್ರ ಬಂದ್ರು."

"ಇಲ್ಲಿರೋದಕ್ಕೂ ಕೆಲಸ ಕೊಡ್ತೀರಾ?" ಎಂದು ನಕ್ಕೆ.

ಅವರು ನಗಲಿಲ್ಲ. "ಅಜ್ಜಿನ ನೋಡ್ಕೋ ಅಂತೀನಿ."

ಗಂಟೆ ಬಾರಿಸಿ ಮಂತ್ರ ಹೇಳಿದರು. ಆಮೇಲೆ ಅಡುಗೆಮನೆಯ ಕಡೆ ತಿರುಗಿ, ಉತ್ತರಕ್ಕೆ ಕಾಯುವವರಂತೆ ಸುಮ್ಮನೆ ಕೂತರು. ಒಳಗೆ ನಲ್ಲಿ ತೆರೆದುಕೊಂಡಿತು. ತುಸು ಹೊತ್ತು ಸುರಿದು ತಾನೇ ನಿಂತಿತು.

ಹತ್ತು ದಿನ ಕಳೆದಿರಬೇಕು. ಮಧ್ಯಾಹ್ನ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಯಾರೋ ನನ್ನ ಬಾಗಿಲು ಬಡಿದರು, ಅಂಗೈಯಿಂದ ಬಡಿದಂತೆ. ತೆರೆದರೆ ಯಾರೂ ಇಲ್ಲ. ಎದುರು ಬಾಗಿಲು ಮಾತ್ರ ಹಾರು ಹೊಡೆದಿತ್ತು. ಆಂಟಿ ಬಚ್ಚಲಲ್ಲಿ ಬಿದ್ದಿದ್ದರು. ಬಾಯಿ ಸೊಟ್ಟಗಾಗಿತ್ತು, ಬಲಗೈ ಏಳುತ್ತಿರಲಿಲ್ಲ. ಬೇಗ ಆಸ್ಪತ್ರೆಗೆ ಸೇರಿಸಿದ್ದರಿಂದ ಬದುಕಿದರು.

ಮಾತು ಮರಳಿದ ಮೇಲೆ ಕೇಳಿದೆ, "ಬಾಗಿಲು ತೆಗೆದಿಟ್ಟಿದ್ರಾ ಆಂಟಿ?"

"ಇಲ್ಲ ಲಾ," ಎಂದರು, ಇಲ್ಲಿನವರು ಮಾತಿನ ಕೊನೆಗೆ ಎಳೆಯುವ ರಾಗದಲ್ಲಿ. "ಡಬಲ್ ಲಾಕ್ ಮಾಡಿದ್ದೆ."

ಲಾಮಾಗೆ ಫೋನ್ ಮಾಡಿ, ತಟ್ಟಿದ್ದು ಯಾರೆಂದು ಕೇಳಿದೆ. ಅವರು, "ಅಜ್ಜಿಗೆ ಊಟ ಸೇರ್ತಿದೆಯಾ?" ಎಂದಷ್ಟೇ ವಿಚಾರಿಸಿದರು.

ಮುಂದಿನ ತಿಂಗಳು ಆಂಟಿ ಪೆನಾಂಗಿನಲ್ಲಿರುವ ಮಗಳ ಮನೆಗೆ ಹೊರಟರು. ಪೆಟ್ಟಿಗೆಗಳೆಲ್ಲ ಆಗಲೇ ಕೆಳಗೆ ಹೋಗಿದ್ದವು. ನಾನು ನನ್ನ ಬಾಗಿಲಲ್ಲೇ ನಿಂತು ಬೀಳ್ಕೊಟ್ಟೆ; ಅಲ್ಲಿ ಬೇರೆ ಯಾರೂ ಇರಲಿಲ್ಲ. ಲಿಫ್ಟ್ ಬಂದಾಗ ತಾವು ಒಳಗೆ ಹೋಗಿ, ಇನ್ನೊಬ್ಬರು ಹತ್ತುವಷ್ಟು ಹೊತ್ತು ಅದರ ಬಾಗಿಲನ್ನು ಹಿಡಿದುಕೊಂಡಿದ್ದರು.