ನೀಲಿ ದಾರದ ಹೊಲಿಗೆ

ನನ್ನ ಅತ್ತಿಗೆ ದರ್ಜಿ. ವಯಸ್ಸಿನಲ್ಲಿ ನನಗಿಂತ ಚಿಕ್ಕವಳು. ಹಾಗಾಗಿ ಅತ್ತಿಗೆ ಎಂದು ಕರೆದರೂ ಮಾತು ಏಕವಚನದಲ್ಲೇ, ಜಗಳವೂ ಏಕವಚನದಲ್ಲೇ. ಬೀದಿಗೆ ತೆರೆದ ಮುಂದಿನ ಕೋಣೆಯೇ ಅವಳ ಅಂಗಡಿ. ಶಾಲೆ ಶುರುವಾಗುವಾಗ ಸಮವಸ್ತ್ರ, ಚಳಿ ಬಂದರೆ ಕೋಟಿನ ಒಳಪದರ, ನಡುವೆ ಯಾರದೋ ಪರದೆ. ದಾರದ ಬಣ್ಣ ಒಂದಿಷ್ಟು ಬೇರೆಯಾದರೂ ಇಡೀ ಹೊಲಿಗೆ ಬಿಚ್ಚಿ ಮತ್ತೆ ಹಾಕುವವಳು. ಮಾತು ಮಾತ್ರ ಕಡಿಮೆ. ಬಾಯಿ ತುಂಬ ಗುಂಡುಸೂಜಿ ಕಚ್ಚಿಕೊಂಡಿದ್ದರೆ ಮಾತಾಡುವುದಾದರೂ ಹೇಗೆ ಹೇಳಿ!

ಅಣ್ಣ ಬಸ್ ಡ್ರೈವರ್ ಆಗಿದ್ದವನು. ಬದುಕೆಲ್ಲ ಬೇರೆಯವರು ಇಳಿಯುವ ಕಡೆ ನಿಲ್ಲಿಸಿದವನಿಗೆ, ತನಗೆ ಬೇಕಾದ ಕಡೆ ನಿಲ್ಲಿಸಬೇಕೆಂಬ ಹುಚ್ಚು. ಹೋದ ವರ್ಷ ನಿವೃತ್ತನಾದದ್ದೇ ತಡ, ಹಳೆಯ ಶಾಲಾ ವ್ಯಾನೊಂದನ್ನು ಕೊಂಡು, ಸೀಟು ಕಿತ್ತು, ಮಂಚ, ಸ್ಟೌ ಕೂರಿಸಿದ. ಮನೆ ಬಾಡಿಗೆಗೆ, ಇನ್ನು ರಸ್ತೆಯ ಮೇಲೇ ಬದುಕು ಎಂದ. ಮಂಚದ ಕೆಳಗೆ ಎರಡು ತಗಡಿನ ಪೆಟ್ಟಿಗೆಗಷ್ಟೇ ಜಾಗ. ಅವನಿಗೊಂದು, ಅವಳಿಗೊಂದು. ಬಾಡಿಗೆಯವರು ಮರುದಿನವೇ ಬರುವವರಿದ್ದರು. ಮಿಕ್ಕ ಬಟ್ಟೆ ಹಂಚಲು ನನ್ನನ್ನು ಕರೆಸಿಕೊಂಡರು.

ತಿಂಗಳುಗಳ ಮೇಲೆ ಅಣ್ಣನನ್ನು ನೋಡಿದ್ದು. ಕುತ್ತಿಗೆ ಕೊಕ್ಕರೆಯದಾಗಿತ್ತು.

“ಏನೋ ಇದು, ಅರ್ಧ ಆಗ್ಬಿಟ್ಟಿದೀಯ! ಊಟ ಹಾಕ್ತಾಳೋ ಇಲ್ವೋ?”

“ವ್ಯಾನ್ ಕೆಲಸ ಕಣೇ, ಬೆವರು ಸುರಿದಿದೆ ಅಷ್ಟೇ. ಮೈ ಇಳಿದಿದ್ರೆ ಪ್ಯಾಂಟ್ ಜಾರ್ಬೇಕಿತ್ತಲ್ಲ? ನೋಡು, ಅದೇ ಹಳೇದು, ಹೇಗೆ ಕೂತಿದೆ!” ಎಂದು ಸೊಂಟ ತಟ್ಟಿಕೊಂಡ. ಬೆಲ್ಟನ್ನು ನಿವೃತ್ತಿಯ ದಿನವೇ ಬಿಸಾಕಿದ್ದ. ಬಿಚ್ಚಿಬಿಟ್ಟ ಎತ್ತಿಗೆ ಮತ್ತೆ ಹಗ್ಗ ಯಾಕೆ ಎನ್ನುತ್ತಿದ್ದ.

ಅತ್ತಿಗೆ ತಲೆ ಎತ್ತಲಿಲ್ಲ.

ತನ್ನ ಬಟ್ಟೆಯನ್ನು ಅವಳು ಚಕಚಕನೆ ವಿಂಗಡಿಸಿದಳು. ಎರಡು ಸ್ವೆಟರ್, ಒಂದು ಕೋಟು, ಹತ್ತಿಯವು ನಾಲ್ಕು. ಅಂದಚಂದದವನ್ನೆಲ್ಲ ನನ್ನ ಮಡಿಲಿಗೆ ಎಸೆದಳು. ಅಣ್ಣನದು ಬೇರೆಯೇ ಕಾನೂನು. “ಮೈಗೆ ಹಾಕಿ ನೋಡದೆ ಒಂದು ಬಟ್ಟೆನೂ ಪೆಟ್ಟಿಗೆಗೆ ಹೋಗಲ್ಲ, ಹೊರಗೂ ಹೋಗಲ್ಲ!”

“ಎಲ್ಲಾ ಯಾಕ್ರೀ ಹಾಕಿ ನೋಡ್ಬೇಕು? ನಾನೇ ಹೊಲಿದಿರೋದು, ನಂಗೆ ಗೊತ್ತಿಲ್ವಾ?” ಅವಳ ದನಿ ಯಾವತ್ತೂ ಅಷ್ಟು ಏರಿದ್ದನ್ನು ನಾನು ಕೇಳಿರಲಿಲ್ಲ.

ಅವನ ಕಂದು ಪ್ಯಾಂಟೊಂದನ್ನು ಮಡಚಲು ಕೈಗೆತ್ತಿಕೊಂಡೆ. ಒಳಮಗ್ಗುಲು ಹೊರಗಿತ್ತು. ಹಿಂಬದಿಯ ನಡು ಹೊಲಿಗೆಯ ಪಕ್ಕದಲ್ಲಿ ಇನ್ನೊಂದು ಹೊಲಿಗೆ, ಅದರ ಪಕ್ಕ ಮತ್ತೊಂದು, ಮಗದೊಂದು, ಹೀಗೆ ನಾಲ್ಕು. ಕಂದು, ನೀಲಿ, ಬಿಳಿ, ಕೆಂಪು. ಇನ್ನೊಂದು ಪ್ಯಾಂಟು ತಿರುಗಿಸಿ ನೋಡಿದೆ. ಅದೂ ಹಾಗೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇಲ್ಲಿ ನಾನಿನ್ನೂ ಬಾಯಿಯನ್ನೇ ಬಿಟ್ಟಿರಲಿಲ್ಲ, ಅತ್ತಿಗೆ ಎರಡೂ ಪ್ಯಾಂಟನ್ನು ಕಸಿದುಕೊಂಡು ಪೆಟ್ಟಿಗೆಗೆ ತುರುಕಿದಳು.

ಅವಳ ರಟ್ಟೆ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದೆ.

“ಎಷ್ಟು ಸಲ ಬಿಗಿ ಮಾಡಿದೀಯ?”

“ಮೆಲ್ಲಗೆ ಮಾತಾಡೇ, ಕೇಳಿಸ್ಕೋತಾರೆ.” ಅವಳು ಬಾಗಿಲು ಮುಂದೆ ಮಾಡಿದಳು. “ಮೊದಲನೇ ಸಲ ಅವರೇ ಹೇಳಿದ್ರು, ಸಡಿಲ ಆಗಿದೆ ಅಂತ. ಮುಖ ಇಷ್ಟು ಚಿಕ್ಕದಾಗಿತ್ತು. ಬಟ್ಟೆ ಹಿಗ್ಗಿದೆ ಅಂದೆ, ಬಿಗಿ ಮಾಡಿಕೊಟ್ಟೆ, ನಕ್ಕರು. ಆಮೇಲೆ ಅವರು ಹೇಳೋಕ್ ಮುಂಚೆನೇ ನಾನು... ಜೀವಮಾನದ ಆಸೆ ಕಣೇ ಅವರಿಗೆ ಇದು. ಒಂದ್ಸಲ ಹೊರಟುಬಿಡ್ಲಿ, ಆಮೇಲೆ ನೋಡೋಣ.”

“ಆಮೇಲೇನು ನೋಡ್ತೀಯ? ದಾರಿ ಮಧ್ಯೆ ಬಿದ್ರೆ ಅಲ್ಲೇ ಕೂತು ಹೊಲೀತೀಯಾ?”

ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂದಿತ್ತು ನನಗೆ. ಅಷ್ಟರಲ್ಲಿ ಕೋಣೆಯಿಂದ ಅಣ್ಣ ಕೂಗಿದ. “ಏ, ಇಲ್ಲಿ ಬನ್ರೇ ಇಬ್ರೂ!”

ಕಪಾಟಿನ ಮೇಲಿನಿಂದ ಹಳೆಯ ಖಾಕಿ ಸಮವಸ್ತ್ರ ಇಳಿಸಿ ಹಾಕಿಕೊಂಡಿದ್ದ. ಕೆಲಸ ಬಿಟ್ಟ ದಿನ ಒಗೆದು ಮಡಚಿಟ್ಟದ್ದು. ಎಲ್ಲವನ್ನೂ ಬಿಗಿ ಮಾಡಿದವಳು ಅದೊಂದನ್ನು ಮರೆತಿದ್ದಳು. ಸೊಂಟದ ಪಟ್ಟಿಯನ್ನು ಅವನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ. ಒಳಗೆ ಇನ್ನೊಬ್ಬನನ್ನು ನಿಲ್ಲಿಸಬಹುದಿತ್ತು.

“ಅದು ನಿಮ್ಮದಲ್ಲ ರೀ,” ಎಂದಳು ಅತ್ತಿಗೆ. “ಡಿಪೋದಲ್ಲಿ ಯಾರದ್ದೋ ಜೊತೆ ಬದಲಾಗಿರ್ಬೇಕು.”

“ಹಾಗಾದ್ರೆ ಆ ಡುಮ್ಮ ಮೆಕ್ಯಾನಿಕ್‌ದೇ ಇರ್ಬೇಕು,” ಎಂದು ಅಣ್ಣ ನಕ್ಕ. ನಂಬಿಯೇಬಿಟ್ಟಿದ್ದ. ಈಗ ಹೇಳದಿದ್ದರೆ ನಾಳೆ ವ್ಯಾನ್ ಹೊರಟುಬಿಡುತ್ತದೆ. ಹೇಳಿದರೆ ಇವಳ ಸಂಸಾರ ಏನಾಗುತ್ತದೆ?

ನಾನು ಹೇಳಬೇಕಾಗಿಯೇ ಬರಲಿಲ್ಲ. ಬಿಚ್ಚಲೆಂದು ಬಗ್ಗಿದವನ ಕಣ್ಣು ಮಂಡಿಯ ಮೇಲೆ ನಿಂತಿತು. ಅಲ್ಲೊಂದು ಪುಟ್ಟ ತೇಪೆ. ಬಸ್ಸಿನ ಬಿಸಿ ಸೈಲೆನ್ಸರ್ ತಾಗಿ ಬಟ್ಟೆ ಸುಟ್ಟಾಗ ಅತ್ತಿಗೆಯೇ ಹಾಕಿದ್ದು. ಅದನ್ನು ಸವರಿದ. ಆಮೇಲೆ ಪೆಟ್ಟಿಗೆಗೆ ಕೈ ಹಾಕಿ, ಕಂದು ಪ್ಯಾಂಟನ್ನು ಎಳೆದು, ಒಳಗನ್ನು ಹೊರಗೆ ಮಾಡಿದ. ನೋಡುತ್ತಾ ಮಂಚದ ಮೇಲೆ ಕುಸಿದ.

“ಊರಿಗೆಲ್ಲ ಸರಿಯಾದ ಅಳತೆ ತಗೋತೀಯ. ನಂಗೆ ಮಾತ್ರ ಸುಳ್ಳು ಅಳತೆ ಕೊಟ್ಯಲ್ಲೇ!”

ಅತ್ತಿಗೆ ಅವನ ಕಾಲ ಬಳಿ ಕೂತು ಗೊಳೋ ಎಂದು ಅತ್ತಳು. “ಹೆದರಿಕೆ ಆಯ್ತು ರೀ. ತುಂಬಾ ಹೆದರಿಕೆ ಆಯ್ತು.” ಅವನು ಅವಳನ್ನು ಮುಟ್ಟಲಿಲ್ಲ.

ಮರುದಿನ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೇಳಿದ್ದು ಒಂದೇ ಪ್ರಶ್ನೆ: ಮೈ ಯಾವಾಗಿನಿಂದ ಇಳೀತಾ ಬಂತು? ಅಣ್ಣನಿಗೆ ಹೇಗೆ ಗೊತ್ತಿರಬೇಕು? ಅತ್ತಿಗೆ ಚೀಲದಿಂದ ಕಂದು ಪ್ಯಾಂಟು ತೆಗೆದು ಮೇಜಿನ ಮೇಲೆ ಹರಡಿದಳು.

“ಕಂದು ದಾರದ್ದು ಮೊದಲ್ನೇದು. ಈ ನೀಲಿ, ಶಾಲೆ ಸಮವಸ್ತ್ರ ಹೊಲೀತಿದ್ದಾಗ. ಇವರು ಸ್ನಾನಕ್ಕೆ ಹೋದಾಗ ಹೊಲಿದೆ, ದಾರ ಬದಲಿಸೋಕೆ ಪುರುಸೊತ್ತಿರ್ಲಿಲ್ಲ. ಮೆಷಿನ್ನಲ್ಲಿ ಏನಿತ್ತೋ ಅದೇ. ಬಿಳಿ, ನರ್ಸುಗಳ ಕೋಟು ಬಂದಾಗ. ಕೆಂಪು ಮೊನ್ನೆಮೊನ್ನೆ, ಪರದೆ ಹೊಲೀವಾಗ.”

ಡಾಕ್ಟರಮ್ಮ ಹೊಲಿಗೆಗಳ ಮೇಲೆ ಬೆರಳಾಡಿಸಿದರು. ಸಾಲು ಸಾಲಿನ ನಡುವಿನ ಅಂತರ ಹೆಚ್ಚುತ್ತಾ ಹೋಗಿತ್ತು. ಪರೀಕ್ಷೆಗಳಾದವು. ಹೊಟ್ಟೆಯಲ್ಲಿ ಗಡ್ಡೆ.

“ಈ ನೀಲಿ ದಾರದ ಹೊತ್ತಿಗೇ ಬಂದಿದ್ರೆ ಇನ್ನೂ ಚಿಕ್ಕದಿರ್ತಿತ್ತಮ್ಮ,” ಎಂದರು. ಬೈಯಲಿಲ್ಲ, ಮೆತ್ತಗೇ ಹೇಳಿದರು. ಬೈದಿದ್ದರೇ ಅತ್ತಿಗೆಗೆ ಸಹಿಸಲು ಸುಲಭವಾಗುತ್ತಿತ್ತು.

ಮನೆಗೆ ಬಾಡಿಗೆಯವರು ಬಂದಾಗಿತ್ತು. ವ್ಯಾನ್ ಹೊರಟಿತು, ಆಸ್ಪತ್ರೆಯ ಹಿಂದಿನ ಅಂಗಳದವರೆಗೆ ಮಾತ್ರ. ಆಪರೇಷನ್ ಆದ ಮೇಲೂ ಅವರ ವಾಸ ಅಲ್ಲೇ. ಅಣ್ಣ ಅವಳ ಜೊತೆ ಬಹಳ ದಿನ ಮಾತಾಡಲಿಲ್ಲ. ಕಡೆಗೆ ಬಾಯಿ ಬಿಟ್ಟಾಗ ಹೇಳಿದ್ದು ಇಷ್ಟು: “ಆ ಖಾಕಿ ಪ್ಯಾಂಟು ನನ್ನ ಪೆಟ್ಟಿಗೇಲಿ ಮೇಲೇ ಇರ್ಲಿ. ಅದಕ್ಕೆ ಸೂಜಿ ತಾಗಿಸಿದ್ರೆ ನೋಡು!”

ಈಗ ವಾರಕ್ಕೊಮ್ಮೆ ಅದನ್ನು ಹಾಕಿಕೊಂಡು ಅವಳ ಮುಂದೆ ನಿಲ್ಲುತ್ತಾನೆ. ನಿನ್ನೆ ನಾನು ಹೋದಾಗಲೂ ನಿಂತಿದ್ದ. ಅತ್ತಿಗೆ ಸೊಂಟದ ಸಂದಿಗೆ ಮುಷ್ಟಿ ತೂರಿಸಿ ನೋಡಿದಳು. ತೆಗೆದಳು, ಮತ್ತೆ ತೂರಿಸಿದಳು. ನನ್ನ ಕೈ ಹಿಡಿದೆಳೆದಳು.

“ನೀನು ನೋಡಿ ಹೇಳೇ. ನನ್ನ ಅಳತೆ ಬೇಡ.”

ಮುಷ್ಟಿ ಕಟ್ಟಿ ತೂರಿಸಿದೆ. ಅಂದು ಇನ್ನೊಬ್ಬನನ್ನೇ ನಿಲ್ಲಿಸಬಹುದಾಗಿದ್ದ ಸಂದಿಯಲ್ಲಿ ಕೈ ಗೆಣ್ಣಿನ ಹತ್ತಿರ ಸಿಕ್ಕಿಕೊಂಡಿತು.