ಓಬಳಮ್ಮನ ಹುಣಸೆ ಮರದ ಬಾವಲಿಗಳು

ಕೊಳ್ಳುವವನ ಕಣ್ಣಿಂದ ನೋಡಿದರೆ ಓಬಳಮ್ಮ ಲಾಭದ ಬಾಬತ್ತಲ್ಲ. ಮುದ್ದೇನಹಳ್ಳಿ ಕಡೆಯ ಒಂದು ಸಣ್ಣ ಊರಿನ ಹೊರಗೆ ಆಕೆಯ ಹೆಂಚಿನ ಮನೆ. ಮನೆಯ ಹಿಂದೆ ಮೂರು ಮುದಿ ಹುಣಸೆ ಮರ. ಅಂಥ ಮರಗಳಿದ್ದವರು ಕಾಯಿ ಇನ್ನೂ ಕೊಂಬೆಯಲ್ಲಿರುವಾಗಲೇ ಚಿಂತಾಮಣಿ ಮಂಡಿಯವರಿಗೆ ಗುತ್ತಿಗೆ ಕೊಟ್ಟು ಆರಾಮಾಗಿ ಕೂತಿರುತ್ತಾರೆ. ಓಬಳಮ್ಮ ಮಾತ್ರ ಸಾರಿಗೆ ಬೇಕಾದ ಹುಣಸೆಹಣ್ಣನ್ನು ಅಂಗಡಿಯಿಂದ ತರುತ್ತಾಳೆ. ಮೂರು ಮರದ ಒಡತಿ ಅಂಗಡಿಯ ಮುಂದೆ ನಿಂತು, ಹಣ್ಣು ಹಿಸುಕಿ ನೋಡಿ, "ಬರೀ ಬೀಜ ಕಣಪ್ಪ ಇದು" ಎಂದು ಚೌಕಾಸಿ ಮಾಡುವುದನ್ನು ಕಂಡವನು ಈಕೆಗೆ ಬೆಲೆ ಕಟ್ಟುವ ಕೆಲಸವನ್ನು ಅಲ್ಲಿಗೇ ಬಿಡುತ್ತಾನೆ.

ಗುತ್ತಿಗೆ ಕೊಡದಿರುವುದಕ್ಕೆ ಕಾರಣ ಬಾವಲಿಗಳು. ಆ ಮೂರು ಮರಗಳಲ್ಲಿ ಅವು ಎಷ್ಟೋ ತಲೆಮಾರಿನಿಂದ ಇದ್ದವು. ದೊಡ್ಡ ಜಾತಿಯವು, ಹಗಲೆಲ್ಲ ಒಗೆದು ತೂಗುಹಾಕಿದ ಕಪ್ಪು ಬಟ್ಟೆಗಳ ಹಾಗೆ ತಲೆಕೆಳಗಾಗಿ ನೇತಾಡುತ್ತಿದ್ದವು. ಮರ ಹತ್ತಿ ಕೊಂಬೆ ಬಡಿದರೆ ಹಣ್ಣಿನ ಜೊತೆ ಅವೂ ಹೋಗುತ್ತವೆ. ಹಾಗಾಗಿ ಆ ಮನೆಯವರು ಹಣ್ಣಿನ ಆಸೆಯನ್ನೇ ಬಿಟ್ಟಿದ್ದರು.

ಊರಿನವರೂ ತಮ್ಮ ಪಾಲಿನದು ಒಂದನ್ನು ಬಿಟ್ಟಿದ್ದರು. ಮದುವೆ ದಿಬ್ಬಣವಾಗಲಿ, ಹೆಣದ ಮೆರವಣಿಗೆಯಾಗಲಿ, ಮರಗಳು ಕಾಣುವ ತಿರುವಿಗೆ ಬಂದ ಕೂಡಲೇ ವಾಲಗ ನಿಲ್ಲಬೇಕು, ತಮಟೆ ಕಂಕುಳಿಗೆ ಹೋಗಬೇಕು. ಮರ ದಾಟಿದ ಮೇಲೆ ಎಷ್ಟು ಬೇಕಾದರೂ ಬಡಿದುಕೊಳ್ಳಬಹುದು. ಓಬಳಮ್ಮ ಸೊಸೆಯಾಗಿ ಬಂದ ದಿನವೂ ಹಾಗೇ ಆಯಿತು. "ನನ್ ದಿಬ್ಬಣ ಮನೆ ಹತ್ರ ಬರೋವಾಗ ಯಾರೋ ಹೋಗ್ಬಿಟ್ಟಂಗಿತ್ತು. ನಾನೇನ್ ತಪ್ಪು ಮಾಡಿದ್ನೋ ಅನ್ಕೊಂಡೆ" ಎಂದು ಆಕೆ ನಗುತ್ತಿದ್ದಳು.

ಮಕ್ಕಳಾಗಲಿಲ್ಲ. ಗಂಡ ವೆಂಕಟರಾಮಪ್ಪ ತೀರಿಹೋಗಿ ವರ್ಷಗಳಾದವು. ಆಮೇಲೆ ಆ ಮನೆಯಲ್ಲಿ ಉಸಿರಾಡುವುದು ಅಂತ ಇದ್ದದ್ದು ಆಕೆ, ಮತ್ತು ಮರದ ಮೇಲಿನವು. ಸಂಜೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂರುತ್ತಿದ್ದಳು. ಅವು ಮೊದಲು ಒಂದೆರಡು, ಆಮೇಲೆ ಗುಂಪು ಗುಂಪಾಗಿ ಹೊರಡುತ್ತಿದ್ದವು. "ಹೊರಟ್ರಾ? ಹುಷಾರು, ಕರೆಂಟ್ ತಂತಿ ನೋಡ್ಕೊಂಡು ಹೋಗಿ" ಎನ್ನುತ್ತಿದ್ದಳು. ಬೆಳಗಿನ ಜಾವ ಅವು ಬಂದು ಜಾಗಕ್ಕಾಗಿ ಕಿತ್ತಾಡುವ ಗಲಾಟೆಗೇ ಆಕೆಗೆ ಎಚ್ಚರ. ಆ ಗಲಾಟೆ ಕೇಳಿದರೆ ಮನೆಗೆ ಜನ ಬಂದಂತೆ ಎದ್ದು ಒಲೆ ಹಚ್ಚುತ್ತಿದ್ದಳು.

ಕೇರಳದಲ್ಲಿ ಬಾವಲಿಯಿಂದ ಜ್ವರ ಬಂತು ಎಂದು ಟಿವಿ ಹೇಳಿದಾಗ ಊರು ಸ್ವಲ್ಪ ದೂರ ಸರಿಯಿತು. ಕೊರೊನಾ ಬಂದಾಗ ಪೂರ್ತಿ ಸರಿಯಿತು. ಅರಿಸಿನ ಕುಂಕುಮಕ್ಕೆ ಕರೆಯುವವರು ಮೊದಲೇ ಇರಲಿಲ್ಲ. ಈಗ ಸಾಸಿವೆ ಸಾಲ ಕೇಳುವವರೂ ನಿಂತರು. ಕೊರೊನಾ ಹೋಯಿತು, ಊರು ಮಾತ್ರ ಹತ್ತಿರ ಬರಲಿಲ್ಲ. ದೂರವಿರುವುದು ಒಮ್ಮೆ ಅಭ್ಯಾಸವಾದರೆ ಅದಕ್ಕೆ ಬಂಡವಾಳವೇ ಬೇಕಿಲ್ಲ.

ಪಕ್ಕದ ದ್ರಾಕ್ಷಿ ತೋಟ ಮೈದುನ ಬಯ್ಯಪ್ಪನದು. ಅವರ ಮನೆಯಲ್ಲಿ ಅರ್ಧ ತೆಲುಗು. ಅತ್ತಿಗೆಯನ್ನು ಅವನು ಕರೆಯುವುದು ವದಿನ ಎಂದೇ. ಒಂದು ದಿನ ಬೇಲಿಯಾಚೆ ನಿಂತು ಶುರು ಮಾಡಿದ.

"ವದಿನಾ, ನಿಮ್ ಮಕ್ಳು ರಾತ್ರಿ ನಮ್ಮನೇಲೇ ಊಟ ಮಾಡ್ಕೊಂಡು ಹೋದ್ರು."

"ಚಿಕ್ಕಪ್ಪನ ಮನೆ ಅಂತ ಬಂದಿರ್ತವೆ ಬಿಡಪ್ಪ."

"ತಮಾಷೆ ಅಲ್ಲ. ಗೊನೆಗೊನೆ ಕಚ್ಚಿ ಹಾಕವೆ. ಈ ಸಲ ಹಣ್ಣು ಇಳಿದ ಮೇಲೆ ಹೊಗೆ ಹಾಕಿ ಓಡಿಸ್ತೀವಿ. ಅದಕ್ಕೂ ಬಗ್ಗದಿದ್ರೆ ಮರ ಉರುಳಿಸ್ತೀವಿ. ಊರೆಲ್ಲ ಒಪ್ಕೊಂಡದೆ."

ಬಯ್ಯಪ್ಪ ಕೆಟ್ಟವನಲ್ಲ, ಅವನ ದ್ರಾಕ್ಷಿಗೆ ಹಲ್ಲಿನ ಗುರುತು ಬಿದ್ದಿದ್ದು ನಿಜ, ಹಲ್ಲಿನ ಗುರುತು ಬಿದ್ದ ಹಣ್ಣನ್ನು ಯಾವ ವ್ಯಾಪಾರಿಯೂ ಮುಟ್ಟುವುದಿಲ್ಲ. ಓಬಳಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮರ ಹೋದರೆ ಬೆಳಿಗ್ಗೆ ಯಾರ ಸದ್ದಿಗೆ ಏಳುವುದು ಎಂಬುದಷ್ಟೇ ಆಕೆಯ ಯೋಚನೆ.

ಆ ಹೊತ್ತಿಗೆ ಸರಿಯಾಗಿ ಬಂದವಳು ಮಹತಿ. ಚಿಕ್ಕಬಳ್ಳಾಪುರದ ಮೇಷ್ಟರ ಮನೆಯ ಹುಡುಗಿ, ಬೆಂಗಳೂರಿನಲ್ಲಿ ಕಾಡುಪ್ರಾಣಿಗಳ ಕುರಿತು ಓದಿದವಳು. ಕಲ್ಲಿನ ಮೇಲೆ ಓಬಳಮ್ಮನ ಪಕ್ಕವೇ ಕೂತು ವಿಷಯ ಹೇಳಿದಳು.

"ಅಜ್ಜಿ, ಕೆನಡಾ ದೇಶದಲ್ಲಿ ಎಲ್ಲಾ ದೇಶದೋರೂ ಸೇರಿ ಒಂದು ಮಾತು ಒಪ್ಕೊಂಡಿದಾರೆ. ಭೂಮಿ ಮೇಲಿರೋ ಜೀವಗಳು ಇನ್ನು ಕಮ್ಮಿ ಆಗಬಾರ್ದು, ಇಷ್ಟು ಜಾಗ ಅವಕ್ಕೆ ಅಂತ ಬಿಡಬೇಕು ಅಂತ. ದೊಡ್ಡ ಕಾಡೇ ಆಗಬೇಕಂತಿಲ್ಲ. ನಿಮ್ಮ ಹಿತ್ತಲೂ ಆಗತ್ತೆ."

"ಕೆನಡಾದೋರಿಗೆ ನಮ್ ಹಿತ್ಲು ಹೆಂಗೆ ಗೊತ್ತಾಯ್ತಮ್ಮ?"

"ಗೊತ್ತಿಲ್ಲ ಅಜ್ಜಿ. ಅದಕ್ಕೇ ನಾನು ಬಂದಿರೋದು."

ಮಹತಿ ಇನ್ನೊಂದು ಮಾತನ್ನೂ ಹೇಳಿದಳು. ಮೊದಲು ಕಾನೂನಿನಲ್ಲಿ ಈ ಬಾವಲಿ ಇಲಿ, ಕಾಗೆಗಳ ಸಾಲಿನಲ್ಲಿತ್ತು, ಯಾರು ಬೇಕಾದರೂ ಕೊಲ್ಲಬಹುದಿತ್ತು. ಈಗ ಕೊಂದರೆ ಜೈಲು. ಓಬಳಮ್ಮ ಮೇಲೆ ನೋಡಿ, "ಕೇಳಿಸ್ಕೊಂಡ್ರಾ? ನಿಮಗೂ ಪ್ರಮೋಷನ್" ಎಂದಳು. ಮನೆಗೆ ಬಂದವರೊಬ್ಬರು ಆಕೆಯ ಲೋಟದಲ್ಲಿ ಕಾಫಿ ಕುಡಿದು ಎಷ್ಟೋ ಕಾಲವಾಗಿತ್ತು. ಮಹತಿ ಎರಡನೇ ಲೋಟ ಕೇಳಿದಾಗ ಆಕೆ ಸಕ್ಕರೆ ಹಾಕುವುದನ್ನೇ ಮರೆತಳು.

ಹಿತ್ತಲನ್ನು ಬಾವಲಿಗಳ ಜಾಗವೆಂದು ಸರ್ಕಾರದ ಪಟ್ಟಿಗೆ ಸೇರಿಸಲು ಗ್ರಾಮಸಭೆ ಒಪ್ಪಬೇಕಿತ್ತು. ಒಪ್ಪಿಸುವುದು ಕಷ್ಟವಾಗಲಿಲ್ಲ. ದ್ರಾಕ್ಷಿ ತೋಟಗಳಿಗೆ ಬಲೆ ಕೊಡಿಸುತ್ತೇವೆ ಎಂದು ಮಹತಿ ಹೇಳಿದೊಡನೆ, ತಕರಾರಿಗೆ ಎದ್ದಿದ್ದ ಬಯ್ಯಪ್ಪ ಕೂತ. ನೋಡಲು ಹೊರದೇಶದವರೂ ಬರುತ್ತಾರೆ ಎಂದೊಡನೆ ಪಂಚಾಯಿತಿ ಅಧ್ಯಕ್ಷ ಚಿರಂಜೀವಿ ಎದ್ದು ನಿಂತ. ಬಾವಲಿ ಅಪಶಕುನ ಎನ್ನುತ್ತಿದ್ದ ಬಾಯಿಗಳೇ ಈಗ, "ನಮ್ಮೂರ ಆಸ್ತಿ ಕಣ್ರೀ ಅವು" ಎಂದವು. ಮಾರುಕಟ್ಟೆಯಲ್ಲಿ ದರ ಏರಿದ ಮಾಲಿಗೆ ನೆಂಟರು ಹುಟ್ಟುವುದು ಹೊಸದೇನಲ್ಲ.

ಪರಿಶೀಲನೆಗೆ ಬರುವ ದಿನ ಬಂತು. ದೆಹಲಿಯವರೊಬ್ಬರು, ಹೊರದೇಶದವರು ಇಬ್ಬರು. ಮಹತಿ ಮೊದಲೇ ಫೋನ್ ಮಾಡಿ, ಏನೂ ಗದ್ದಲ ಬೇಡ, ನಾವು ಸುಮ್ಮನೆ ಬಂದು ನೋಡಿಕೊಂಡು ಹೋಗುತ್ತೇವೆ ಎಂದು ಹೇಳಿದ್ದಳು. ಚಿರಂಜೀವಿಗೆ ಅದು ದೊಡ್ಡವರ ಸಂಕೋಚದಂತೆ ಕೇಳಿಸಿತು. ನೆಂಟರು ಊಟ ಬೇಡ ಎಂದರೆ ಎಲೆ ಹಾಕದೆ ಬಿಡುತ್ತೇವೆಯೇ?

ಓಬಳಮ್ಮನನ್ನು ಊರ ಮುಂದಿನ ಟಾರು ರಸ್ತೆಗೆ ಕರೆದೊಯ್ದು, ಇದ್ದ ಒಂದು ರೇಷ್ಮೆ ಸೀರೆ ಉಡಿಸಿ, ಕೈಗೆ ಆರತಿ ತಟ್ಟೆ ಕೊಟ್ಟು ಎಲ್ಲರ ಮುಂದೆ ನಿಲ್ಲಿಸಿದರು. ಬಹಳ ವರ್ಷಗಳಿಂದ ಆಕೆಯ ಪಕ್ಕ ನಿಲ್ಲದವರೆಲ್ಲ ಫೋಟೋಗೆ ಅಂಟಿಕೊಂಡು ನಿಂತರು. ಆಕೆಗೆ ಸಂತೋಷವೇ ಆಯಿತು. ಶಿಡ್ಲಘಟ್ಟದಿಂದ ಕರೆಸಿದ್ದ ತಮಟೆಯವರು ಶುರು ಮಾಡಿದರು. ಮೆರವಣಿಗೆ ಹೊರಟಿತು.

ತಿರುವು ಬಂತು. ಊರ ತಮಟೆಯವರಾಗಿದ್ದರೆ ಕೈ ತಾನಾಗಿ ನಿಲ್ಲುತ್ತಿತ್ತು. ಇವರು ಪರಸ್ಥಳದವರು.

"ಚಿರಂಜೀವಿ, ನಿಲ್ಲಿಸಕ್ಕೆ ಹೇಳಪ್ಪ" ಎಂದಳು ಓಬಳಮ್ಮ.

"ಸುಮ್ನೆ ಬನ್ನಿ ಅಜ್ಜಿ. ಮದುವೆಗೆ ನಿಲ್ಲಿಸ್ಬೇಕು, ಸಾವಿಗೆ ನಿಲ್ಲಿಸ್ಬೇಕು, ಸರಿ. ಇದು ಸರ್ಕಾರ. ಸರ್ಕಾರನ ಸದ್ದಿಲ್ದೆ ಕರ್ಕೊಂಡು ಹೋಗಕ್ಕಾಗುತ್ತಾ?"

ಹಿಂದಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು. ಹಿರಿಯರು ಮದುವೆಗೂ ಸಾವಿಗೂ ಕಟ್ಟುಪಾಡು ಮಾಡಿಟ್ಟಿದ್ದರು, ಸರ್ಕಾರಕ್ಕೆ ಮಾಡಿರಲಿಲ್ಲ. ತಮಟೆ ಮುಂದೆ ಹೋಯಿತು. ಕಾರಿನಲ್ಲಿ ಹಿಂದೆ ಬರುತ್ತಿದ್ದ ಮಹತಿ ಇಳಿದು ಓಡಿ ಬರುವಷ್ಟರಲ್ಲಿ, ಮರದ ಬುಡದಲ್ಲಿ ಯಾರೋ ಹಾಸಿಟ್ಟಿದ್ದ ಸರಪಟಾಕಿಗೂ ಬೆಂಕಿ ಬಿದ್ದಿತ್ತು.

ನಡುಹಗಲು ಅವು ಎದ್ದವು. ಮರದ ಮೇಲ್ಭಾಗವೇ ಕಿತ್ತು ಹಾರಿದಂತಾಯಿತು. ಹೊಟ್ಟೆಗೆ ಮರಿ ಕಚ್ಚಿಸಿಕೊಂಡಿದ್ದ ತಾಯಿ ಬಾವಲಿಗಳು ಭಾರಕ್ಕೆ ಕೆಳಗೆ ಜೋಲುತ್ತ ಹೋದವು. ಹೊರದೇಶದವರು ತಲೆ ಎತ್ತಿ ನಿಂತುಬಿಟ್ಟರು. ಅವರು ಮೆಚ್ಚಿದ್ದಾರೆ ಎಂದುಕೊಂಡು ಜನ ಚಪ್ಪಾಳೆ ತಟ್ಟಿದರು. ಬಾವಲಿಗಳು ಒಮ್ಮೆ ಸುತ್ತು ಹೊಡೆದು ಮೂಡಲ ದಿಕ್ಕಿಗೆ ಹೊರಟವು. ಆರತಿ ತಟ್ಟೆ ಹಿಡಿದ ಓಬಳಮ್ಮ, ದೀಪ ಆರಿದ್ದು ಗೊತ್ತಿಲ್ಲದೆ, ಆ ಕಡೆಗೇ ನೋಡುತ್ತಿದ್ದಳು. ಅಂದು ತಂತಿ ನೋಡಿಕೊಂಡು ಹೋಗಿ ಎನ್ನಲೂ ಆಕೆಗೆ ಪುರುಸೊತ್ತು ಸಿಗಲಿಲ್ಲ.

ಮಾರನೆಯ ಬೆಳಿಗ್ಗೆ ಸದ್ದಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಎಚ್ಚರವಾಗುವುದೇ ತಡವಾಗತೊಡಗಿತು.

ಕಾಗದಪತ್ರ ಮಾತ್ರ ನಿಲ್ಲಲಿಲ್ಲ. ಬಾವಲಿಗಳನ್ನು ಕಣ್ಣಾರೆ ನೋಡಿದ್ದೇವೆ ಎಂದು ಬಂದವರು ಬರೆದರು. ಮಳೆಗಾಲ ಮುಗಿಯುವ ಹೊತ್ತಿಗೆ, ಇದು ಬಾವಲಿಗಳ ಜಾಗ ಎಂಬ ಹಸಿರು ಫಲಕ ಬಂತು. ಅದು ಸಣ್ಣ ಮಾತೇನಲ್ಲ. ಈಗ ಆ ಮರಗಳ ಮೇಲೆ ಬಯ್ಯಪ್ಪನಿರಲಿ, ಪಂಚಾಯಿತಿಯೂ ಕೊಡಲಿ ಎತ್ತುವಂತಿಲ್ಲ. ದೂರದ ಊರಿನಲ್ಲಿ ಕೂತವರ ಒಪ್ಪಂದ ಇಲ್ಲಿಯವರೆಗೆ ಬಂದು ಮರ ಉಳಿಸಿತು. ಫಲಕದಲ್ಲಿ ಬಾವಲಿಯ ಚಿತ್ರವಿದೆ, ಚೆನ್ನಾಗಿಯೂ ಇದೆ. ಮೇಲೆ ನೋಡಿದರೆ ಬರೀ ಹುಣಸೆಕಾಯಿ.

ಮಹತಿ ಒಮ್ಮೆ ಬಂದು ಅತ್ತಳು. ಓಬಳಮ್ಮನೇ ಸಮಾಧಾನ ಮಾಡಿದಳು: "ನೀನ್ ಬೇಡ ಅಂದಿದ್ದೆ ಕಣಮ್ಮ. ಬಿಡು, ಜಾಗ ಅಂತೂ ಇದೆಯಲ್ಲ."

ಬಲೆ ಹಾಕಿಸಿಕೊಂಡ ಬಯ್ಯಪ್ಪ ಬೇಲಿಯ ಹತ್ತಿರ ಬಂದು ನಿಲ್ಲುತ್ತಾನೆ. "ವದಿನಾ, ಹುಣಸೆ ಇಳಿಸಿಕೊಡ್ಲಾ? ಈಗೇನ್ ತೊಂದ್ರೆ?" ಎಂದು ಒಂದು ದಿನ ಕೇಳಿದ.

"ಬೇಡಪ್ಪ. ರಾತ್ರೋರಾತ್ರಿ ಬಂದ್ರೆ, ಮರ ಬಡಿದವ್ರೆ ಅಂತ ವಾಪಸ್ ಹೋಗ್ಬಿಡ್ತವೆ."

 ಈಚೆಗೆ ಸಂಜೆ ಅವನೂ ಮೇಲೆ ನೋಡುತ್ತಾನೆ.

ಈ ಸಲದ ದ್ರಾಕ್ಷಿ ಕಾಲದಲ್ಲಿ, ಬಯ್ಯಪ್ಪನ ಹಣ್ಣು ಕೊಂಡು, ಅದನ್ನು ಸಾಗಿಸುವ ಲಾರಿಗೆ ಕಾಯುತ್ತ ಕಲ್ಲಿನ ಮೇಲೆ ಕೂತಿದ್ದ ನನಗೆ ಓಬಳಮ್ಮ ಮಜ್ಜಿಗೆ ಕೊಟ್ಟು ಹೇಳಿದಳು: "ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು ಅಂತ ಊರೂರು ಸುತ್ತೋನು ನೀನು. ದಾರೀಲಿ ದೊಡ್ಡ ಮರ ಕಂಡ್ರೆ ಒಂಚೂರು ತಲೆ ಎತ್ತಿ ನೋಡಪ್ಪ. ಕರ್ಕೊಂಡು ಬಾ ಅನ್ನಲ್ಲ. ಇಂಥ ಕಡೆ ಅವೆ, ಚೆನ್ನಾಗವೆ ಅಂತ ಹೇಳು, ಸಾಕು."

ಮೇಲೂರಿನ ದಾರಿಯಲ್ಲಿ ನೋಡಿದ್ದಾಯಿತು, ಇಲ್ಲ. ಗೌರಿಬಿದನೂರಿನ ಕೆರೆ ಏರಿಯ ಮರಗಳಲ್ಲಿ ಕೊಕ್ಕರೆ ಇವೆ. ಮುರುಗಮಲ್ಲದಾಚೆ ಒಂದು ಅರಳಿ ಮರದ ತುಂಬ ಬಾವಲಿಗಳಿವೆ. ಎದುರಿನ ಟೀ ಅಂಗಡಿಯವನು ಅವು ಹೋದ ವರ್ಷ ಬಂದವು ಎಂದ. ಅವನ ಹೆಂಡತಿ, ತಾತನ ಕಾಲದಿಂದ ಇವೆ, ಇವರ ಕಣ್ಣಿಗೆ ಈಗ ಬಿದ್ದಿವೆ ಎಂದಳು. ದ್ರಾಕ್ಷಿಯನ್ನು ಬಾಯಿಗೆ ಹಾಕಿಕೊಂಡರೆ ಯಾವ ತೋಟದ್ದೆಂದು ಹೇಳಬಲ್ಲೆ. ಬಾವಲಿ ಯಾರ ಮನೆಯದೆಂದು ಹೇಳುವ ವಿದ್ಯೆ ನನಗಿಲ್ಲ. ಸುಳ್ಳು ಹೇಳಿ ಸಂತೋಷಪಡಿಸಬಹುದು. ವ್ಯಾಪಾರದಲ್ಲಿ ಸುಳ್ಳು ಹೇಳಿದ್ದಕ್ಕೆ ಲೆಕ್ಕವಿಲ್ಲ, ಆದರೆ ಇದು ಬಾಯಿಗೆ ಬರುತ್ತಿಲ್ಲ.

ಅವು ಎಲ್ಲಿವೆ, ಚೆನ್ನಾಗಿವೆಯೇ ಎಂಬ ಒಂದು ಉತ್ತರವನ್ನು ನಾನು ಓಬಳಮ್ಮನಿಗೆ ಕೊಡಬೇಕು. ಇನ್ನೂ ಕೊಟ್ಟಿಲ್ಲ.